ಕಲಾಶಿಕ್ಷಣದಲ್ಲಿ ಭಾವಾಭಿವ್ಯಕ್ತಿ



ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು, ಎಂದರೆ ಹೆಚ್ಚುಕಡಮೆ 11ರಿಂದ 14 ವಯಸ್ಸಿನ ಹುಡುಗ ಹುಡುಗಿಯರು, ತಮ್ಮ ಅಂತರಂಗದಲ್ಲಿ ಏಳುವ ಭಾವಗಳಿಗೆ ಕಲೆಯ ಮೂಲಕ ರೂಪ ಕೊಡುವುದನ್ನು ಶಾಲೆಯು ಹೇಗೆ ಕಲಿಸಬಹುದು, ಅಂಥದನ್ನು ಕಲಿಸುವುದು ಸಾಧ್ಯವೇ ಉಂಟೆ ಎಂಬುದು ಈ ಉಪನ್ಯಾಸದ ವಿಷಯ. ನಮ್ಮ ರಾಜ್ಯದ ವ್ಯವಹಾರದಲ್ಲಿ ಈ ತರಗತಿಗಳಿಗೆ ಹಿರಿಯ ಪ್ರಾಥಮಿಕವೆಂದು ಹೆಸರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಇವಕ್ಕೇ ಮಧ್ಯಮ ಹಂತವೆಂದು ಹೆಸರು. ಹೆಸರು ಯಾವುದಾದರೂ ಆಗಲಿ, ಮನುಷ್ಯಜೀವನದಲ್ಲಿ ಭಾವಗಳ ವೇಗ ಹೆಚ್ಚುತ್ತ, ಅವನ್ನು ಹೊರಗೆಡಹುವ ಸಹಜ ಸಾಧನಗಳು ಕುಗ್ಗುತ್ತ ಹೋಗುವ ಕಾಲ ಇದು. ಈ ಮೂರು ವರ್ಷಗಳನ್ನು ಬೇರೆಯಾಗಿ ಎತ್ತಿಕೊಂಡು ವಿಚಾರಮಾಡುವುದಕ್ಕೆ ಅದೇ ಕಾರಣ.

ಐದು ವರ್ಷದ ಮಗು ಕೈಗೆ ಸಿಕ್ಕಿದ ಇದ್ದಲಿನಿಂದ ಗೋಡೆಯ ಮೇಲೆ ಗೀಚುವಾಗ ತನಗೆ ಚಿತ್ರ ಬರೆಯಲು ಬರುತ್ತದೆಯೆ ಎಂದು ಯಾರನ್ನೂ ಕೇಳುವುದಿಲ್ಲ. ಅದೇ ಮಗುವಿನ ಮುಂದೆ ಹನ್ನೆರಡನೆಯ ವಯಸ್ಸಿನಲ್ಲಿ ಒಂದು ಬಿಳಿಯ ಹಾಳೆಯನ್ನಿಟ್ಟರೆ, ‘ನನಗೆ ಡ್ರಾಯಿಂಗ್ ಬರಲ್ಲ ಮಿಸ್’ ಎಂದು ಮೊದಲೇ ಹೇಳಿಬಿಟ್ಟು ಕೈಕಟ್ಟಿ ಕುಳಿತುಕೊಳ್ಳುತ್ತದೆ. ವಿಯೆನ್ನಾ ನಗರದಲ್ಲಿ ಅಂಧ ಮಕ್ಕಳಿಗೆ ಜೇಡಿಮಣ್ಣಿನ ಶಿಲ್ಪವನ್ನು ಕಲಿಸಿ, ಮುಂದೆ ಅಮೆರಿಕಕ್ಕೆ ಹೋಗಿ ನೆಲಸಿದ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಶಿಕ್ಷಣತಜ್ಞರು, ಮಕ್ಕಳ ಸೃಷ್ಟಿಶಕ್ತಿಯ ಬೆಳವಣಿಗೆಯನ್ನು ಕುರಿತು 1947ರಲ್ಲಿ ಪ್ರಕಟಿಸಿದ ತಮ್ಮ ಹೆಸರಾಂತ ಗ್ರಂಥದಲ್ಲಿ ಈ ಪರಿವರ್ತನೆಯನ್ನು ಸೂಕ್ಷ್ಮವಾಗಿ ವಿವರಿಸಿದ್ದಾರೆ. ಒಂಬತ್ತರಿಂದ ಹನ್ನೆರಡರ ನಡುವೆ ಮಗುವಿಗೆ ವಸ್ತುಗಳು ಕಣ್ಣಿಗೆ ಕಾಣುವಂತೆಯೇ ಚಿತ್ರದಲ್ಲಿಯೂ ಇರಬೇಕೆಂಬ ಹಂಬಲ ಮೂಡುತ್ತದೆ. ಮುಂದಿನ ಎರಡು ವರ್ಷಗಳಲ್ಲಿ ತನ್ನ ಕೃತಿಯನ್ನು ಬೆಳೆದವರ ದೃಷ್ಟಿಯಿಂದ ನೋಡಿ ತೂಗುವ ವಿಮರ್ಶಕಬುದ್ಧಿ ಬಲಿಯುತ್ತದೆ. ಕೈಯ ಕೌಶಲ ಮಾತ್ರ ಆ ವಿಮರ್ಶೆಯ ವೇಗಕ್ಕೆ ಸರಿಯಾಗಿ ಬೆಳೆದಿರುವುದಿಲ್ಲ. ಕಣ್ಣಿಗೂ ಕೈಗೂ ನಡುವೆ ಹೀಗೆ ಉಂಟಾದ ಅಂತರದಲ್ಲಿ ಅಸಂಖ್ಯ ಮಕ್ಕಳು ಚಿತ್ರ ಬರೆಯುವುದನ್ನು ನಿಲ್ಲಿಸಿಬಿಡುತ್ತಾರೆ, ಬಹಳ ಮಂದಿ ಜೀವನಪರ್ಯಂತ.

ನಿಲ್ಲಿಸದೆ ಇರುವವರ ಸ್ಥಿತಿಯೂ ಅಷ್ಟೇನೂ ಸಂತೋಷದ್ದಲ್ಲ. ಅವರು ಒಂದು ಸಿದ್ಧಚಿತ್ರದ ಆಶ್ರಯಕ್ಕೆ ಹೋಗುತ್ತಾರೆ. ಆ ಚಿತ್ರವನ್ನು ತಾವೆಲ್ಲರೂ ಬಲ್ಲಿರಿ: ಎರಡು ತ್ರಿಕೋನದ ಬೆಟ್ಟಗಳು, ಅವುಗಳ ಸಂದಿಯಲ್ಲಿ ಅರ್ಧ ಎದ್ದ ಸೂರ್ಯ, ಬೆಟ್ಟದ ಬುಡದಿಂದ ಬಳುಕಿ ಬರುವ ನದಿ, ನದಿಯ ದಡದಲ್ಲಿ ಒಂದು ಗುಡಿಸಲು, ಗುಡಿಸಲಿನ ಪಕ್ಕಕ್ಕೆ ಬಾಗಿದ ತೆಂಗಿನ ಮರ, ಆಕಾಶದಲ್ಲಿ ಎರಡೆರಡು ಗೀರಿನ ಹಕ್ಕಿಗಳು. ವಿಜಯಪುರದ ಬಯಲಿನಲ್ಲಿ ಬೆಳೆದ ಮಗುವೂ ಇದನ್ನೇ ಬರೆಯುತ್ತದೆ, ಬೆಂಗಳೂರಿನ ನಾಲ್ಕನೆಯ ಮಹಡಿಯಲ್ಲಿ ಬೆಳೆದ ಮಗುವೂ ಇದನ್ನೇ ಬರೆಯುತ್ತದೆ. ಈ ಚಿತ್ರವನ್ನು ನಾನು ಹಳಿಯುವುದಿಲ್ಲ. ‘ಬರಲ್ಲ’ ಎಂಬ ಅವಮಾನದಿಂದ ತಪ್ಪಿಸಿಕೊಳ್ಳುವುದಕ್ಕೆ ಮಗುವು ಕಂಡುಕೊಂಡ ಒಂದು ಆಸರೆ ಅದು. ಆದರೆ ಆ ಹಾಳೆಯ ಮೇಲೆ ಮಗುವಿನದೆಂಬುದು ಯಾವುದೂ ಇಲ್ಲ. ಅದು ಕಂಡದ್ದೂ ಅಲ್ಲ, ಉಂಡದ್ದೂ ಅಲ್ಲ.

ಇದೇ ಕಾಲದಲ್ಲಿ ದೇಹ ಬದಲಾಗುತ್ತಿರುತ್ತದೆ. ಹುಡುಗನ ಧ್ವನಿ ಒಡೆಯುತ್ತದೆ, ಹುಡುಗಿಯ ಓಡಾಟಕ್ಕೆ ಮನೆಯಲ್ಲಿ ಹೊಸ ಕಟ್ಟುಪಾಡುಗಳು ಹುಟ್ಟಿಕೊಳ್ಳುತ್ತವೆ, ಗೆಳೆತನಗಳು ಗಾಢವಾಗುತ್ತವೆ ಮತ್ತು ಕಾರಣ ತಿಳಿಯದೆ ಮುರಿಯುತ್ತವೆ. ಅಸೂಯೆ, ಲಜ್ಜೆ, ಅವಮಾನ, ಒಂಟಿತನ, ನಿಮಿತ್ತವಿಲ್ಲದ ಉಲ್ಲಾಸ ಇವೆಲ್ಲ ಬೆಳೆದವರಲ್ಲಿರುವಷ್ಟೇ ಬಲವಾಗಿ ಬಂದು ಎರಗುತ್ತವೆ. ಅವನ್ನು ಹೇಳಿಕೊಳ್ಳುವುದಕ್ಕೆ ಬೆಳೆದವರ ಭಾಷೆ ಇನ್ನೂ ಬಂದಿಲ್ಲ, ಬಾಲ್ಯದ ಅಳುವೂ ಮುನಿಸೂ ಆಗಲೇ ನಾಚಿಕೆಗೇಡಾಗಿವೆ. ಶಾಲೆಯಲ್ಲಿ ನಾವು ಅಶಿಸ್ತು ಎಂದು ಕರೆಯುವುದರಲ್ಲಿ ಒಂದು ಪಾಲು, ಹಾಗೆಯೇ ನಾವು ಸದ್ವರ್ತನೆಯೆಂದು ಮೆಚ್ಚುವ ಮೌನದಲ್ಲಿಯೂ ಒಂದು ಪಾಲು, ರೂಪ ದೊರೆಯದ ಭಾವವೇ ಎಂದು ನನ್ನ ನಂಬಿಕೆ.

ಹಾಗಾದರೆ ಅಭಿವ್ಯಕ್ತಿ ಎಂದರೇನು? ಈ ಪ್ರಶ್ನೆಯನ್ನು ಮೊದಲು ಇತ್ಯರ್ಥಮಾಡಿಕೊಳ್ಳದೆ ಮುಂದಕ್ಕೆ ಹೋಗುವಂತಿಲ್ಲ. ಏಕೆಂದರೆ ಕಲೆಯ ಮೂಲಕ ಭಾವಾಭಿವ್ಯಕ್ತಿ ಎಂಬ ಮಾತನ್ನು ಇಂದು ಬಹುಮಂದಿ ಶಿಕ್ಷಣಾಸಕ್ತರು, ಒಳಗೆ ಕಟ್ಟಿಕೊಂಡದ್ದನ್ನು ಹೊರಕ್ಕೆ ಚೆಲ್ಲಿ ಹಗುರಾಗುವುದು ಎಂಬ ಅರ್ಥದಲ್ಲಿ ಬಳಸುತ್ತಿದ್ದಾರೆ. ಅಮೆರಿಕದ ತತ್ತ್ವಜ್ಞ ಜಾನ್ ಡ್ಯೂಯಿ, ಕಲೆಯನ್ನು ಅನುಭವವೆಂದು ಪರಿಭಾವಿಸಿದ ತಮ್ಮ 1934ರ ಗ್ರಂಥದಲ್ಲಿ ಈ ಎರಡನ್ನೂ ಬೇರ್ಪಡಿಸಿ ತೋರಿಸಿದರು: ಕೋಪದಿಂದ ಕೂಗುವವನು ಕೋಪವನ್ನು ಹೊರಹಾಕುತ್ತಾನೆಯೇ ಹೊರತು ಅಭಿವ್ಯಕ್ತಿಸುವುದಿಲ್ಲ, ಭಾವವು ಒಂದು ಮಾಧ್ಯಮದ ಪ್ರತಿರೋಧವನ್ನು ಎದುರಿಸಿ, ಅದರೊಡನೆ ಹೆಣಗಿ, ಕ್ರಮಗೊಂಡಾಗ ಮಾತ್ರ ಅಭಿವ್ಯಕ್ತಿ. ಕೆರೆಯ ಏರಿ ಒಡೆದು ನೀರು ನುಗ್ಗುವುದೂ ಹರಿವೇ, ತೂಬೆತ್ತಿ ಗದ್ದೆಗೆ ನೀರು ಹಾಯಿಸುವುದೂ ಹರಿವೇ. ಎರಡರಿಂದ ಆಗುವ ಫಲ ಮಾತ್ರ ಬೇರೆ. ನಾಲ್ಕು ವರ್ಷಗಳ ಅನಂತರ, 1938ರಲ್ಲಿ, ಇಂಗ್ಲೆಂಡಿನ ಆರ್. ಜಿ. ಕಾಲಿಂಗ್‌ವುಡ್ ಇನ್ನೊಂದು ಮುಖ್ಯವಾದ ಅಂಶವನ್ನು ಪ್ರತಿಪಾದಿಸಿದರು. ಅಭಿವ್ಯಕ್ತಿಗೆ ಮುಂಚೆ ಮನುಷ್ಯನಿಗೆ ತನ್ನ ಭಾವ ಇಂಥದೆಂದು ತಿಳಿದಿರುವುದಿಲ್ಲ; ಒಳಗೆ ಏನೋ ಕಲಕುತ್ತಿದೆ ಎಂಬಷ್ಟು ಮಾತ್ರ ಗೊತ್ತು; ಅದಕ್ಕೆ ರೂಪ ಕೊಡುವ ಕ್ರಿಯೆಯಲ್ಲಿಯೇ ಅದು ಏನೆಂಬುದು ಅವನಿಗೆ ಗೋಚರವಾಗುತ್ತದೆ. ಈ ವಿಚಾರವನ್ನು ಒಪ್ಪುವುದಾದರೆ ತರಗತಿಯ ಮಟ್ಟಿಗೆ ಒಂದು ದೊಡ್ಡ ಪರಿಣಾಮ ಒದಗುತ್ತದೆ: ‘ನಿನ್ನ ಭಾವವನ್ನು ಹೇಳು, ಆಮೇಲೆ ಅದರ ಚಿತ್ರ ಬರೆ’ ಎಂದು ಮಗುವಿಗೆ ಹೇಳುವುದು ಹಿಂದುಮುಂದಾದ ಕ್ರಮ.

ನಮ್ಮ ದೇಶದ ಕಾವ್ಯಮೀಮಾಂಸೆ ಈ ತಾಣಕ್ಕೆ ಬಹು ಹಿಂದೆಯೇ ಬಂದಿತ್ತು, ಮಾತ್ರವಲ್ಲ, ಅಧ್ಯಾಪಕನ ಕೈಗೆ ಹೆಚ್ಚು ಉಪಯುಕ್ತವಾದ ಒಂದು ಸೂತ್ರವನ್ನೂ ಕೊಟ್ಟಿತ್ತು. ಭರತನ ನಾಟ್ಯಶಾಸ್ತ್ರದ ಪ್ರಕಾರ ಭಾವವು ನೇರವಾಗಿ ಹುಟ್ಟಿಸತಕ್ಕ ವಸ್ತುವಲ್ಲ. ಅದಕ್ಕೆ ಕಾರಣವಾಗುವ ವ್ಯಕ್ತಿ, ವಸ್ತು, ಸನ್ನಿವೇಶಗಳಾದ ವಿಭಾವಗಳನ್ನು ರಂಗದ ಮೇಲೆ ತರಬೇಕು. ಅದರ ಕಾರ್ಯರೂಪವಾದ ಅನುಭಾವಗಳನ್ನು, ಅದರೊಡನೆ ಬಂದುಹೋಗುವ ವ್ಯಭಿಚಾರಿಭಾವಗಳನ್ನು ತೋರಿಸಬೇಕು. ಇವುಗಳ ಸಂಯೋಗದಿಂದ ರಸ ತಾನಾಗಿ ನಿಷ್ಪನ್ನವಾಗುತ್ತದೆ. ಶೋಕ ಎಂಬ ಮಾತನ್ನು ನೂರು ಬಾರಿ ಉಚ್ಚರಿಸಿದರೂ ಕರುಣರಸ ಹುಟ್ಟುವುದಿಲ್ಲವೆಂದು, ರಸವು ಹೆಸರಿಡುವುದರಿಂದ ಒದಗತಕ್ಕದ್ದಲ್ಲವೆಂದು ಧ್ವನಿಪಂಥದ ಆಚಾರ್ಯರು ಖಂಡಿತವಾಗಿ ಹೇಳಿದರು. ನಾನು ಈ ಉಪನ್ಯಾಸದಲ್ಲಿ ಪ್ರತಿಪಾದಿಸಬೇಕೆಂದಿರುವುದು ಇದನ್ನೇ: ಕಲಾಶಿಕ್ಷಕನು ಮಗುವಿಗೆ ಭಾವವನ್ನು ಕೊಡಲಾರ, ಮಗುವಿನಿಂದ ಭಾವವನ್ನು ಕೇಳಿ ಪಡೆಯಲೂ ಬಾರದು, ಅವನು ಕೊಡಬಹುದಾದದ್ದು ವಿಭಾವವನ್ನು, ಅದಕ್ಕೆ ರೂಪ ಕಟ್ಟಲು ತಕ್ಕ ಮಾಧ್ಯಮವನ್ನು, ಬೇಕಾದಷ್ಟು ಕಾಲವನ್ನು.

ಇಂದಿನ ತರಗತಿಗಳಲ್ಲಿ ನಡೆಯುತ್ತಿರುವುದು ಅನೇಕ ವೇಳೆ ಇದಕ್ಕೆ ವಿರುದ್ಧವಾದದ್ದು. ನಗುವ ಮುಖ, ಅಳುವ ಮುಖ, ಸಿಟ್ಟಿನ ಮುಖ, ಹೆದರಿದ ಮುಖಗಳ ಒಂದು ಪಟ್ಟಿಯನ್ನು ಗೋಡೆಗೆ ಅಂಟಿಸಿ, ‘ಇಂದು ನಿನ್ನ ಮನಸ್ಸು ಯಾವುದು, ಬೆರಳಿಟ್ಟು ತೋರಿಸು’ ಎಂದು ಕೇಳುವ ಪದ್ಧತಿ ಹಬ್ಬಿದೆ. ಆರು ವರ್ಷದ ಮಗುವಿಗೆ ಇದರಿಂದ ಒಂದಿಷ್ಟು ಪ್ರಯೋಜನ ಇದ್ದೀತು. ಹನ್ನೆರಡು ವರ್ಷದ ಹುಡುಗಿಗೆ ಇದು ಸಾಲದು. ಭರತನು ಎಣಿಸಿದ ಭಾವಗಳು 49: ಸ್ಥಾಯಿಗಳು 8, ವ್ಯಭಿಚಾರಿಗಳು 33, ಸಾತ್ತ್ವಿಕಗಳು 8. ಆ ಮೂವತ್ತಮೂರರ ಪಟ್ಟಿಯನ್ನು ಓದಿದವರಿಗೆ ಅದು ಈ ವಯಸ್ಸಿನ ಮಕ್ಕಳನ್ನೇ ನೋಡಿ ಬರೆದದ್ದೋ ಎನ್ನಿಸಬಹುದು. ಅದರಲ್ಲಿ ವ್ರೀಡೆಯುಂಟು, ಅಸೂಯೆಯುಂಟು, ದೈನ್ಯವುಂಟು, ಗರ್ವವುಂಟು, ಆಲಸ್ಯವುಂಟು, ಅವಮಾನವನ್ನು ಸಹಿಸಲಾರದ ಅಮರ್ಷವುಂಟು. ಎಲ್ಲಕ್ಕಿಂತ ಗಮನಾರ್ಹವಾಗಿ, ತನ್ನ ಭಾವವನ್ನು ಮರೆಮಾಡಿ ಮತ್ತೊಂದನ್ನು ತೋರಿಸುವ ಅವಹಿತ್ಥವೂ ಒಂದು ಭಾವವಾಗಿಯೇ ಎಣಿಕೆಗೆ ಬಂದಿದೆ. ಮುಚ್ಚಿಡುವುದೇ ಯಾರ ಮುಖ್ಯ ಭಾವವೋ ಅಂಥವರನ್ನು ಕರೆದು ‘ಮುಚ್ಚಿಡದೆ ತೋರಿಸು’ ಎಂದು ನಾಲ್ವತ್ತು ಜನರ ಮುಂದೆ ಕೇಳಿದರೆ, ಅವರು ನಗುವ ಮುಖದ ಮೇಲೆ ಬೆರಳಿಟ್ಟು ಕುಳಿತುಕೊಳ್ಳುತ್ತಾರೆ. ‘ಕೋಪದ ಚಿತ್ರ ಬರೆಯಿರಿ’ ಎಂಬ ಆದೇಶಕ್ಕೆ ಸಿಗುವ ಉತ್ತರವೂ ಹೀಗೆಯೇ: ಕೆಂಪು ಬಣ್ಣ, ಒಡೆದ ಹೃದಯ, ಸಿಡಿಲು. ಬೆಟ್ಟ ಸೂರ್ಯರ ಸಿದ್ಧಚಿತ್ರದ ಜಾಗಕ್ಕೆ ಇನ್ನೊಂದು ಸಿದ್ಧಚಿತ್ರ ಬಂದಂತಾಯಿತೇ ಹೊರತು ಬೇರೇನೂ ಆಗಲಿಲ್ಲ.

ಇದರ ಬದಲು ‘ನಿಮ್ಮ ಮನೆಯಲ್ಲಿ ಯಾರಾದರೊಬ್ಬರು ಮಾತ್ರ ಕುಳಿತುಕೊಳ್ಳುವ ಜಾಗವೊಂದು ಇದ್ದರೆ, ಅವರು ಅಲ್ಲಿ ಇಲ್ಲದ ಹೊತ್ತಿನಲ್ಲಿ ಅದು ಹೇಗೆ ಕಾಣುತ್ತದೆ, ಬರೆಯಿರಿ’ ಎಂದು ಹೇಳಿ ಇದ್ದಲನ್ನೂ ದೊಡ್ಡ ಹಾಳೆಯನ್ನೂ ಕೊಟ್ಟೆವೆನ್ನಿ. ಇಲ್ಲಿ ಯಾವ ಭಾವದ ಹೆಸರನ್ನೂ ಎತ್ತಿಲ್ಲ. ಒಬ್ಬ ಹುಡುಗ ಅಜ್ಜನ ಆರಾಮಕುರ್ಚಿಯನ್ನು ಬರೆಯಬಹುದು, ಒಬ್ಬಳು ತಾಯಿ ಹೂ ಕಟ್ಟುವ ಹೊಸ್ತಿಲನ್ನು, ಇನ್ನೊಬ್ಬ ಊರುಬಿಟ್ಟು ದುಡಿಯಲು ಹೋದ ಅಣ್ಣನ ಸೈಕಲ್ ನಿಲ್ಲುತ್ತಿದ್ದ ಗೋಡೆಯನ್ನು. ಕುರ್ಚಿಯ ಕಾಲುಗಳು ಸೊಟ್ಟಗಾಗಬಹುದು, ಅದು ಮುಖ್ಯವಲ್ಲ. ಆದರೆ ಕುರ್ಚಿಯನ್ನು ಹಾಳೆಯ ನಡುವೆ ಇಡಬೇಕೋ ಮೂಲೆಗೆ ಒತ್ತಬೇಕೋ, ಸುತ್ತಲಿನ ನೆಲವನ್ನು ಕಪ್ಪಾಗಿ ಉಜ್ಜಬೇಕೋ ಬಿಳಿಯಾಗಿಯೇ ಬಿಡಬೇಕೋ, ಕಿಟಕಿಯೊಂದನ್ನು ಬರೆದು ಬೆಳಕು ತರಬೇಕೋ ಬೇಡವೋ ಎಂಬ ನಿರ್ಧಾರಗಳನ್ನು ಮಾಡುವಾಗ ಆ ಹುಡುಗ, ತನಗೆ ಅರಿವಿಲ್ಲದೆಯೇ, ತನ್ನೊಳಗಿನ ಕಲಕುವಿಕೆಯನ್ನು ವಿಂಗಡಿಸುತ್ತಿರುತ್ತಾನೆ. ಅಧ್ಯಾಪಕರು ಬಳಿಗೆ ಬಂದು ಕೇಳತಕ್ಕ ಪ್ರಶ್ನೆ ‘ಅಜ್ಜ ಹೋಗಿಬಿಟ್ಟರೆ?’ ಎಂಬುದಲ್ಲ, ‘ಇಲ್ಲಿ ಇಷ್ಟೊಂದು ಜಾಗ ಖಾಲಿ ಬಿಟ್ಟಿದ್ದೀಯಲ್ಲ, ಇದು ಹೀಗೆಯೇ ಇರಲಿ ಅನ್ನಿಸುತ್ತದೆಯೆ?’ ಎಂಬುದು. ಮೊದಲನೆಯ ಪ್ರಶ್ನೆ ಹುಡುಗನ ಬದುಕಿನೊಳಕ್ಕೆ ಕೈಹಾಕುತ್ತದೆ. ಎರಡನೆಯದು ಅವನ ಕೃತಿಯೊಳಗೆ ಅವನ ಜೊತೆಗೆ ನಿಲ್ಲುತ್ತದೆ. ಹೇಳಬೇಕೆಂದು ತೋರಿದರೆ ಅಜ್ಜನ ವಿಷಯವನ್ನು ಅವನೇ ಹೇಳುತ್ತಾನೆ.

ಈ ದೂರವನ್ನು ಕಾಪಾಡುವುದರಲ್ಲಿ ಕೇವಲ ಸೌಜನ್ಯವಲ್ಲ, ಶಾಸ್ತ್ರವೂ ಇದೆ. ಕಾವ್ಯದಲ್ಲಿ ಭಾವವು ನನ್ನದು, ಅವನದು, ಶತ್ರುವಿನದು ಎಂಬ ಸಂಬಂಧಗಳಿಂದ ಬಿಡಿಸಿಕೊಂಡು ಎಲ್ಲರಿಗೂ ಸಮಾನವಾಗುವ ಪ್ರಕ್ರಿಯೆಗೆ ಭಟ್ಟನಾಯಕನು ಸಾಧಾರಣೀಕರಣವೆಂದು ಹೆಸರಿಟ್ಟನು. ಅಭಿನವಗುಪ್ತನು ರಸಾಸ್ವಾದಕ್ಕೆ ಅಡ್ಡಬರುವ ವಿಘ್ನಗಳು ಏಳು ಎಂದು ಎಣಿಸಿ, ತನ್ನ ಸ್ವಂತ ಸುಖದುಃಖಗಳಿಗೆ ಪರವಶನಾಗಿರುವುದೂ ಅವುಗಳಲ್ಲಿ ಒಂದು ಎಂದನು. ಅವರಿಬ್ಬರೂ ಸಹೃದಯನನ್ನು ಕುರಿತು ಹೇಳಿದ್ದನ್ನು ಎಳೆಯ ಕಲಾವಿದನಿಗೂ ಅನ್ವಯಿಸಬಹುದೆಂದು ನನಗೆ ತೋರುತ್ತದೆ. ತನ್ನ ದುಃಖದಲ್ಲಿ ಮುಳುಗಿರುವ ಮಗುವಿಗೆ ಅದೇ ದುಃಖವನ್ನು ಮತ್ತೆ ಮತ್ತೆ ಬಗೆದು ತೋರಿಸೆನ್ನುವುದು ಹಿಂಸೆ. ಅದೇ ದುಃಖವು ಒಂದು ಕುರ್ಚಿಯದೋ ಒಂದು ಕಥಾಪಾತ್ರದ್ದೋ ಆಗಿ ಎದುರು ನಿಂತಾಗ ಮಗುವು ಅದನ್ನು ನೋಡಬಲ್ಲುದು, ತಿದ್ದಬಲ್ಲುದು, ಪಕ್ಕದವನಿಗೆ ತೋರಿಸಬಲ್ಲುದು.

ಈ ತತ್ತ್ವಕ್ಕೆ ಇಪ್ಪತ್ತನೆಯ ಶತಮಾನದ ಅತ್ಯಂತ ಘೋರವಾದ ಒಂದು ಸ್ಥಳದಿಂದ ಸಾಕ್ಷ್ಯ ದೊರೆತಿದೆ. ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ 1898ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ಯೋಹಾನೆಸ್ ಇಟ್ಟೆನ್ನರ ಶಿಷ್ಯೆಯಾಗಿ, ಅವರ ಹಿಂದೆಯೇ ವೈಮಾರಿನ ಬೌಹೌಸ್ ಕಲಾಶಾಲೆಗೆ ಹೋಗಿ ಅಭ್ಯಾಸಮಾಡಿದವರು. ಯಹೂದ್ಯಳೆಂಬ ಕಾರಣಕ್ಕಾಗಿ 1942ರ ಡಿಸೆಂಬರಿನಲ್ಲಿ ಆಕೆಯನ್ನು ನಾಜಿಗಳು ಇಂದಿನ ಜೆಕ್ ದೇಶದಲ್ಲಿರುವ ತೆರೆಜಿನ್ ಎಂಬ ಕೋಟೆಪಟ್ಟಣದ ಬಂಧನಶಿಬಿರಕ್ಕೆ ಒಯ್ದರು. ಅಲ್ಲಿ ತಂದೆತಾಯಿಗಳಿಂದ ಬೇರೆಯಾಗಿ ಕಿಕ್ಕಿರಿದ ಕೋಣೆಗಳಲ್ಲಿ ಇದ್ದ ಮಕ್ಕಳಿಗೆ, ಸುಮಾರು ಎರಡು ವರ್ಷ, ಆಕೆ ಚಿತ್ರ ಕಲಿಸಿದರು. ಹಸಿವು, ರೋಗ, ಪೂರ್ವದಿಕ್ಕಿಗೆ ಹೊರಡುವ ರೈಲುಗಳ ಭೀತಿ ಇವುಗಳ ನಡುವೆ ಬದುಕುತ್ತಿದ್ದ ಆ ಮಕ್ಕಳಿಗೆ ‘ನಿಮ್ಮ ಭಯವನ್ನು ಬರೆಯಿರಿ’ ಎಂದು ಅವರು ಹೇಳಲಿಲ್ಲ. ಇಟ್ಟೆನ್ನರಿಂದ ತಾವು ಕಲಿತ ಲಯದ ಅಭ್ಯಾಸಗಳನ್ನು ಮಾಡಿಸಿದರು. ಮುಂದಿಟ್ಟ ವಸ್ತುಗಳನ್ನು ನೋಡಿ ಬರೆಯಿಸಿದರು. ಹಳೆಯ ಮಹಾಚಿತ್ರಕಾರರ ಕೃತಿಗಳ ಪ್ರತಿಕೃತಿಗಳನ್ನು ತೋರಿಸಿ ಅವುಗಳ ರಚನೆಯನ್ನು ಗ್ರಹಿಸುವಂತೆ ಮಾಡಿದರು. ಕಛೇರಿಗಳಿಂದ ಬಿಸಾಡಿದ ನಮೂನೆಯ ಕಾಗದಗಳನ್ನು ಹರಿದು ಅಂಟಿಸಿ ಚಿತ್ರ ಕಟ್ಟುವುದನ್ನು ಕಲಿಸಿದರು. ಮಕ್ಕಳು ಬರೆದದ್ದರಲ್ಲಿ ಹೂವುಗಳುಂಟು, ಮನೆಗಳುಂಟು, ಊಟದ ಮೇಜುಗಳುಂಟು. ಶಿಬಿರದ ಮಂಚಗಳೂ ಕಾವಲುಗಾರರೂ ಬರುವುದು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ಪ್ರತಿಯೊಂದು ಚಿತ್ರಕ್ಕೂ ಬರೆದ ಮಗು ತನ್ನ ಹೆಸರನ್ನು ಹಾಕಬೇಕೆಂದು ಆಕೆ ನಿಯಮಮಾಡಿದ್ದರು, ಮನುಷ್ಯರನ್ನು ಅಂಕಿಗಳಾಗಿ ಎಣಿಸುತ್ತಿದ್ದ ಸ್ಥಳದಲ್ಲಿ.

1944ರ ಅಕ್ಟೋಬರಿನಲ್ಲಿ ಆಕೆಯನ್ನು ಆಶ್ವಿಟ್ಜ್‌ಗೆ ಸಾಗಿಸಿ ಕೊಂದರು. ಹೊರಡುವ ಮುನ್ನ ಎರಡು ಪೆಟ್ಟಿಗೆಗಳಲ್ಲಿ ತುಂಬಿಟ್ಟಿದ್ದ ಸುಮಾರು 4,500 ಮಕ್ಕಳ ಚಿತ್ರಗಳು ಯುದ್ಧ ಮುಗಿದ ಮೇಲೆ ಹೊರಬಂದು ಇಂದು ಪ್ರಾಗ್ ನಗರದ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಅವನ್ನು ಬರೆದ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಪ್ರಾಗ್‌ನಲ್ಲಿ ಹಿಂದೆ ಆಕೆಯ ಶಿಷ್ಯೆಯಾಗಿದ್ದ ಈಡಿತ್ ಕ್ರಾಮರ್ ಅಮೆರಿಕಕ್ಕೆ ಹೋಗಿ ಕಲಾಚಿಕಿತ್ಸೆ ಎಂಬ ಶಾಸ್ತ್ರದ ಪ್ರವರ್ತಕರಲ್ಲಿ ಒಬ್ಬರಾದರು. ಚಿತ್ರವನ್ನು ಮಗುವಿನ ಮನಸ್ಸನ್ನು ಓದುವ ಉಪಕರಣವಾಗಿ ನೋಡುವುದಕ್ಕಿಂತ ಚಿತ್ರ ರಚನೆಯ ಕ್ರಿಯೆಯೇ ಮನಸ್ಸನ್ನು ಕೂಡಿಸುತ್ತದೆ ಎಂಬುದು ಅವರ ನಿಲುವು. ಯಾರ ಬದುಕಿನಲ್ಲಿ ಹೇಳಿಕೊಳ್ಳಬೇಕಾದ ಭಾವಗಳು ಅಷ್ಟು ಇದ್ದವೋ ಅಂಥ ಮಕ್ಕಳಿಗೆ ಅವರ ಗುರುವು ಕೊಟ್ಟದ್ದು ಹೂಜಿ, ಹೂವು, ಗೆರೆ, ಲಯ ಎಂಬುದನ್ನು ನಾವು ಗಮನದಲ್ಲಿಡಬೇಕು.

ಭಾರತದಲ್ಲಿ ಈ ಹಾದಿಯ ಪ್ರಯತ್ನಗಳು ಇಲ್ಲದೆ ಹೋಗಿಲ್ಲ. ರವೀಂದ್ರರು ಶಾಂತಿನಿಕೇತನದಲ್ಲಿ 1901ರಲ್ಲಿ ಶಾಲೆಯನ್ನೂ 1919ರಲ್ಲಿ ಕಲಾಭವನವನ್ನೂ ಸ್ಥಾಪಿಸಿ, ಹಾಡು ನಾಟಕ ಚಿತ್ರಗಳನ್ನು ಪಾಠದ ಅಲಂಕಾರವಾಗಿಸದೆ ಪಾಠದ ಉಸಿರಾಗಿಸಿದರು. ಅಲ್ಲಿ ಕಲಿತ ದೇವಿಪ್ರಸಾದರು ಗಾಂಧೀಜಿಯವರ ಸೇವಾಗ್ರಾಮದ ನಯೀ ತಾಲೀಮ್ ಶಾಲೆಯಲ್ಲಿ ಹಳ್ಳಿಯ ಮಕ್ಕಳಿಗೆ ಕಲೆಯನ್ನು ಕಲಿಸಿ, ಕಲೆಯೇ ಶಿಕ್ಷಣದ ಬುನಾದಿಯೆಂದು ಗ್ರಂಥ ಬರೆದರು. ನಮ್ಮ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಆಟ, ಕುಣಿತ, ನಾಟಕಗಳನ್ನು ಆಧಾರವಾಗಿಟ್ಟುಕೊಂಡು ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು, ಬಿ. ವಿ. ಕಾರಂತರು ಮಕ್ಕಳ ರಂಗಭೂಮಿಗೆ ಹೊಸ ಜೀವ ತಂದರು; ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಇಂದಿಗೂ ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಸೇರಿಸುತ್ತಿದೆ. ಆದರೆ ಇವೆಲ್ಲ ಹೆಚ್ಚುಮಟ್ಟಿಗೆ ದೊಡ್ಡ ವ್ಯಕ್ತಿಗಳ ಸುತ್ತ, ಇಲ್ಲವೆ ಬೇಸಗೆಯ ರಜೆಯಲ್ಲಿ, ಬೆಳೆದವು. ಜೂನ್ ತಿಂಗಳಿಂದ ಮಾರ್ಚ್ ತಿಂಗಳವರೆಗೆ ನಡೆಯುವ ಸಾಮಾನ್ಯ ಶಾಲೆಯ ವೇಳಾಪಟ್ಟಿಯೊಳಕ್ಕೆ ಇಳಿದುಬಂದದ್ದು ಅಲ್ಪ.

ಹಾಗೆ ಇಳಿದು ಬರಬಹುದಾದ ಒಂದು ಕಲೆಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆಯಾಗಬೇಕು. ಕರಾವಳಿಯ ಜಿಲ್ಲೆಗಳಲ್ಲಿ ಮಕ್ಕಳ ಯಕ್ಷಗಾನ ಮೇಳಗಳಿವೆ. ಉಡುಪಿಯ ಸುತ್ತಿನ ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣವೂ ನಡೆಯುತ್ತಿದೆ. ಸಂಪ್ರದಾಯಬದ್ಧವಾದ ಕಲೆಯಲ್ಲಿ ಹೆಜ್ಜೆ, ತಾಳ, ಮುಖವರ್ಣಿಕೆಗಳೆಲ್ಲ ಮೊದಲೇ ನಿಶ್ಚಿತವಾಗಿರುವಾಗ ಮಗುವಿನ ಸ್ವಂತ ಭಾವಕ್ಕೆ ಎಡೆಯೆಲ್ಲಿ ಎಂದು ಆಕ್ಷೇಪಿಸುವವರು ಉಂಟು. ಕಳೆದ ಶತಮಾನದ ಆರಂಭದಲ್ಲಿ ವಿಯೆನ್ನಾದ ಫ್ರಾಂಜ್ ಚಿಜೆಕ್ ಮಕ್ಕಳ ಚಿತ್ರಕಲೆಗೆ ಸ್ವಾತಂತ್ರ್ಯ ಘೋಷಿಸಿದಂದಿನಿಂದ ಬಂದ ಆಕ್ಷೇಪವದು. ಅದರಲ್ಲಿ ಸತ್ಯಾಂಶವೂ ಉಂಟು. ಆದರೆ ಬಭ್ರುವಾಹನ ಕಾಳಗದ ಪ್ರಸಂಗವನ್ನು ನೋಡಿ. ತಂದೆಯೆಂದು ತಿಳಿದು ಗೌರವದಿಂದ ಎದುರುಗೊಳ್ಳಲು ಬಂದ ಮಗನನ್ನು ಅರ್ಜುನ ಮಗನೆಂದು ಒಪ್ಪದೆ ಹೀಯಾಳಿಸುತ್ತಾನೆ. ಪದವನ್ನು ಹಾಡುವವರು ಭಾಗವತರು. ಅರ್ಥವನ್ನು ಹೇಳತಕ್ಕವನು ವೇಷ ಹಾಕಿದ ಹುಡುಗ. ಆ ಅರ್ಥ ಪುಸ್ತಕದಲ್ಲಿ ಅಚ್ಚಾದದ್ದಲ್ಲ. ಮೊದಮೊದಲು ಗುರುಗಳು ಬರೆದುಕೊಟ್ಟದ್ದನ್ನೇ ಒಪ್ಪಿಸಿದರೂ, ಅಭ್ಯಾಸ ಬಲಿತಂತೆ ಹುಡುಗ ತನ್ನ ಮಾತನ್ನು ತಾನೇ ಕಟ್ಟಿಕೊಳ್ಳಬೇಕು. ತಂದೆಯ ಬಾಯಿಂದ ಬಂದ ಅವಮಾನಕ್ಕೆ ಮಗನು ಕೊಡುವ ಉತ್ತರವನ್ನು ಹದಿಮೂರು ವರ್ಷದ ಬಾಲಕನೊಬ್ಬ, ತನ್ನ ಮನೆಯ ಮಾತನ್ನು ಒಂದಿನಿತೂ ಆಡದೆ, ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಹೇಳಬಹುದು. ಹೆಜ್ಜೆ ತಾಳಗಳ ನಿಯಮವೇ ಅವನಿಗೆ ಧೈರ್ಯ ಕೊಡುತ್ತದೆ. ಬಣ್ಣವೂ ಕಿರೀಟವೂ ಅವನನ್ನು ಮರೆಮಾಡಿ ಕಾಪಾಡುತ್ತವೆ. ನಮ್ಮ ಬಳಿ ಇರುವ ಭಾವಶಿಕ್ಷಣದ ಸಾಧನಗಳಲ್ಲಿ ಇದಕ್ಕೆ ಸಮಾನವಾದದ್ದು ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ. ಕರಾವಳಿಯಿಂದ ಹೊರಗಿನ ಶಾಲೆಗಳು ದೊಡ್ಡಾಟ, ಸಣ್ಣಾಟ, ತೊಗಲುಗೊಂಬೆಯಾಟಗಳನ್ನು ಇದೇ ದೃಷ್ಟಿಯಿಂದ ನೋಡಬಹುದು.

ಸಾಮಗ್ರಿಯಿಲ್ಲ, ಹಣವಿಲ್ಲ ಎಂಬ ಮಾತು ಬಹಳ ಹೊತ್ತು ನಿಲ್ಲಲಾರದು. ಸಾಗರದ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು, ಅಕ್ಕಿಯ ಹಿಟ್ಟು, ಪುಂಡಿನಾರಿನ ಕುಂಚ ಇಷ್ಟರಿಂದಲೇ ಹಸೆಚಿತ್ತಾರದ ಅದ್ಭುತವನ್ನು ಗೋಡೆಯ ಮೇಲೆ ಬರೆಯುತ್ತಾರೆ. ಉತ್ತರ ಕರ್ನಾಟಕದ ಮಕ್ಕಳು ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಮಣ್ಣಿನಿಂದ ಎತ್ತು ಮಾಡುತ್ತಾರೆ. ಹಬ್ಬ ಮುಗಿದ ಮರುದಿನ ಅದೇ ಮಣ್ಣನ್ನು ಶಾಲೆಗೆ ತಂದು ‘ಹೊಲದಿಂದ ದಣಿದು ಬಂದ ಎತ್ತು’ ಎಂದು ಮಾಡಿಸಿದರೆ, ಕತ್ತು ಎಷ್ಟು ಬಾಗಬೇಕು, ಕಾಲು ಎಲ್ಲಿ ಮಡಿಯಬೇಕು ಎಂದು ಮಕ್ಕಳ ಕೈಗಳೇ ಹುಡುಕುತ್ತವೆ. ನಿಜವಾಗಿ ಇಲ್ಲದಿರುವುದು ಕಾಲ ಮತ್ತು ಅಧ್ಯಾಪಕ.

ಕಾಲದ ಮಾತು ಹೀಗೆ: ವೇಳಾಪಟ್ಟಿಯಲ್ಲಿ ಚಿತ್ರಕಲೆಗೆ ಇರುವ ನಾಲ್ವತ್ತು ನಿಮಿಷಗಳಲ್ಲಿ ಹಾಳೆ ಹಂಚಿ, ಬಣ್ಣ ತೆರೆದು, ಮನಸ್ಸು ನೆಲೆಗೊಳ್ಳುವಷ್ಟರಲ್ಲಿ ಗಂಟೆ ಹೊಡೆಯುತ್ತದೆ, ಪರೀಕ್ಷೆ ಸಮೀಪಿಸಿದಾಗ ಆ ನಾಲ್ವತ್ತು ನಿಮಿಷಗಳೂ ಗಣಿತಕ್ಕೋ ಇಂಗ್ಲಿಷಿಗೋ ಸಲ್ಲುತ್ತವೆ. ಅಧ್ಯಾಪಕರ ಮಾತು: 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಆರರಿಂದ ಎಂಟನೆಯ ತರಗತಿಗಳಿರುವ, ಮಕ್ಕಳ ದಾಖಲಾತಿ ನೂರನ್ನು ಮೀರಿದ ಶಾಲೆಗೆ ಕಲಾಶಿಕ್ಷಣಕ್ಕಾಗಿ ಅಂಶಕಾಲಿಕ ಬೋಧಕರು ಇರಬೇಕೆಂದು ವಿಧಿಸಿದೆ. ಅದು ಅನುಗ್ರಹವಲ್ಲ, ವಿಧಿ. ಅದಕ್ಕೂ ಮುಂಚೆ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಶಾಲಾಶಿಕ್ಷಣದ ಮುಖ್ಯ ಕ್ಷೇತ್ರಗಳಲ್ಲಿ ಒಂದೆಂದು ಗಣಿಸಿತ್ತು. ಬರೆದದ್ದಕ್ಕೂ ನಡೆದದ್ದಕ್ಕೂ ನಡುವಿನ ಅಂತರವನ್ನು ಈ ಸಭೆಯಲ್ಲಿರುವ ಅಧ್ಯಾಪಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಪರ್ಧೆಯ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಕಟುವಾಗಿ ತೋರಬಹುದು. ಪ್ರತಿಭಾ ಕಾರಂಜಿಯಂತಹ ಕಾರ್ಯಕ್ರಮಗಳು ಹಳ್ಳಿಯ ಮಕ್ಕಳಿಗೆ ವೇದಿಕೆಯನ್ನು ಒದಗಿಸಿವೆ. ಚಿತ್ರಕಲೆಯ ಲೋಯರ್, ಹೈಯರ್ ಪರೀಕ್ಷೆಗಳಿಂದ ಎಷ್ಟೋ ಮಂದಿಗೆ ವೃತ್ತಿಯ ದಾರಿ ತೆರೆದಿದೆ. ಆ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಕೌಶಲದ ಪರೀಕ್ಷೆ ಬೇರೆ, ಭಾವದ ಶಿಕ್ಷಣ ಬೇರೆ. ಎಲ್ಲಿ ಬಹುಮಾನವಿದೆಯೋ ಅಲ್ಲಿ ಮಗು ತೀರ್ಪುಗಾರರ ಮೆಚ್ಚುಗೆಯನ್ನು ಅರಸುತ್ತದೆ, ಅರಸುವುದೇ ಸಹಜ. ಆಗ ತನ್ನ ಮನಸ್ಸಿನ ಕಡೆಗೆ ನೋಡುವ ವ್ಯವಧಾನ ಅದಕ್ಕೆ ಇರುವುದಿಲ್ಲ. ಆದುದರಿಂದ ಭಾವಾಭಿವ್ಯಕ್ತಿಯ ಉದ್ದೇಶದಿಂದ ನಡೆಸುವ ಪಾಠಕ್ಕೆ ಅಂಕವಾಗಲಿ ಶ್ರೇಣಿಯಾಗಲಿ ಇರಕೂಡದು. ವರ್ಷದುದ್ದಕ್ಕೂ ಮಗುವಿನ ಕೃತಿಗಳನ್ನು ಒಂದು ಕಡತದಲ್ಲಿ ತೇದಿ ಹಾಕಿ ಸಂಗ್ರಹಿಸಿ, ವರ್ಷದ ಕೊನೆಯಲ್ಲಿ ಮಗುವಿನೊಡನೆಯೇ ಕುಳಿತು, ಯಾವುದು ತನಗೆ ಸರಿಯಾಗಿ ಬಂದಿದೆಯೆಂದು ಅದಕ್ಕೆ ತೋರುತ್ತದೆ, ಏಕೆ ಹಾಗೆ ತೋರುತ್ತದೆ ಎಂದು ಕೇಳಿ ತಿಳಿಯುವುದೇ ತಕ್ಕ ಮೌಲ್ಯಮಾಪನ.

ಕೊನೆಯದಾಗಿ ಅಧ್ಯಾಪಕರ ಮಿತಿಯನ್ನು ಕುರಿತು ಒಂದು ಮಾತನ್ನು ಹೇಳದೆ ಬಿಡಲಾಗದು. ಕಪ್ಪು ಬಣ್ಣವನ್ನು ಹೆಚ್ಚಾಗಿ ಬಳಸಿದ ಮಗುವಿಗೆಲ್ಲ ವಿಷಾದರೋಗವಿದೆಯೆಂದು, ಬಾಗಿಲಿಲ್ಲದ ಮನೆಯನ್ನು ಬರೆದವರೆಲ್ಲ ನೊಂದವರೆಂದು ಊಹಿಸುವ ಅರೆಬರೆ ಮನಶ್ಶಾಸ್ತ್ರ ಈಚೆಗೆ ಪ್ರಚಾರಕ್ಕೆ ಬರುತ್ತಿದೆ. ಕಪ್ಪು ಕ್ರೆಯಾನೊಂದೇ ಮುರಿಯದೆ ಉಳಿದಿದ್ದರಿಂದಲೂ ಮಗು ಅದನ್ನು ಬಳಸಿರಬಹುದು. ಚಿತ್ರದಿಂದ ರೋಗನಿರ್ಣಯ ಮಾಡುವುದು ತರಗತಿಯ ಕೆಲಸವಲ್ಲ. ಹಾಗೆಯೇ ಮಗುವಿನ ಅನುಮತಿಯಿಲ್ಲದೆ ಅದರ ಚಿತ್ರವನ್ನು ಗೋಡೆಗೆ ಹಾಕುವುದೂ, ಬರಹವನ್ನು ತರಗತಿಯಲ್ಲಿ ಓದಿಹೇಳುವುದೂ ವಿಶ್ವಾಸಕ್ಕೆ ಮಾಡಿದ ದ್ರೋಹ. ಆದರೆ ಮಗು ತಾನಾಗಿ ಬಾಯಿಬಿಟ್ಟು, ತನಗೆ ಯಾರಿಂದಲೋ ಹಿಂಸೆಯಾಗುತ್ತಿದೆಯೆಂದು ತಿಳಿಸಿದರೆ ಅದು ಕಲೆಯ ಕ್ಷೇತ್ರವನ್ನು ದಾಟಿದ ವಿಷಯ. ಆಗ ಅಧ್ಯಾಪಕರು ಶಾಂತವಾಗಿ ಕೇಳಬೇಕು, ಗುಟ್ಟಾಗಿಡುವೆನೆಂದು ಮಾತು ಕೊಡಬಾರದು, ತಡಮಾಡದೆ ಮುಖ್ಯೋಪಾಧ್ಯಾಯರಿಗೂ 1098 ಸಂಖ್ಯೆಯ ಮಕ್ಕಳ ಸಹಾಯವಾಣಿಗೂ ತಿಳಿಸಬೇಕು. ಲೈಂಗಿಕ ದೌರ್ಜನ್ಯದ ಸಂಗತಿಯಾದರೆ 2012ರ ಕಾಯಿದೆಯ ಪ್ರಕಾರ ಪೊಲೀಸರಿಗೆ ವರದಿಮಾಡುವುದು ಕಡ್ಡಾಯ.

ಮುಖ್ಯೋಪಾಧ್ಯಾಯರಲ್ಲಿಯೂ ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರಲ್ಲಿಯೂ ನನ್ನ ಬಿನ್ನಹ ಇಷ್ಟು. ನಿಮ್ಮ ಶಾಲೆಗೆ ಕಾಯಿದೆ ಗೊತ್ತುಮಾಡಿರುವ ಕಲಾಬೋಧಕರನ್ನು ಇಲಾಖೆಯಿಂದ ಲಿಖಿತವಾಗಿ ಕೇಳಿರಿ. ಅವರು ಬರುವವರೆಗೆ ಊರಿನಲ್ಲಿರುವ ಮೇಳದವರನ್ನು, ಚಿತ್ತಾರ ಬರೆಯುವ ತಾಯಂದಿರನ್ನು, ಕುಂಬಾರರನ್ನು ತರಗತಿಗೆ ಗೌರವದಿಂದ ಕರೆಯಿರಿ. ಬರುವ ಜೂನಿನಲ್ಲಿ ವೇಳಾಪಟ್ಟಿಯನ್ನು ಬರೆಯುವಾಗ, ವಾರದಲ್ಲಿ ಒಂದು ದಿನ ಎರಡು ಅವಧಿಗಳನ್ನು ಒಟ್ಟಿಗೆ ಜೋಡಿಸಿ ಆರು, ಏಳು, ಎಂಟನೆಯ ತರಗತಿಗಳ ಕಲೆಗೆ ಮೀಸಲಿಡಿರಿ. ಮಾರ್ಚ್ ಬಂದಾಗಲೂ, ಯಾವ ಪರೀಕ್ಷೆಯ ಸಿದ್ಧತೆಗೂ, ಅದನ್ನು ಬಿಟ್ಟುಕೊಡಬೇಡಿರಿ.